ಲಾಳಿಯ ಬಾಲ

ರಾಮದುರ್ಗದಲ್ಲಿ ತಾರಾಬಾಯಿಯ ಮನೆ ಕೇಳಬೇಕಾದರೆ ‘ಮಿಕ್ಸಿಂಗ್ ಬಾಯಾರ ಮನಿ’ ಎಂದರೆ ಸಾಕು, ಯಾರಾದರೂ ತೋರಿಸುತ್ತಾರೆ. ಊರಿನ ಮತ್ತು ಸುತ್ತಲಿನ ಹಳ್ಳಿಗಳ ಮದುವೆ ವಿಡಿಯೋಗಳು ಇಪ್ಪತ್ತಾರು ವರ್ಷಗಳಿಂದ ಅವಳ ಪಡಸಾಲೆಯ ಕಂಪ್ಯೂಟರಿನಲ್ಲೇ ಸಿದ್ಧವಾಗಿವೆ. ಮಾವನವರು ಪಂಚಾಂಗ ನೋಡಿ ಮುಹೂರ್ತ ತೆಗೆದುಕೊಡುತ್ತಿದ್ದರು. ಆ ಮುಹೂರ್ತದಲ್ಲಿ ನಡೆದದ್ದನ್ನು ಸೊಸೆ ಕತ್ತರಿಸಿ ಜೋಡಿಸುತ್ತಾಳೆ ಎಂದು ಓಣಿಯವರು ನಗುತ್ತಿದ್ದರು. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಕಲಿತು ಬಂದ ಆ ಕೆಲಸ ಮಾವನವರಿಗೂ ಒಗ್ಗಿತ್ತು. ಸಂಜೆ ಸಂಧ್ಯಾವಂದನೆ ಮುಗಿಸಿ ಬಂದವರು ಸೊಸೆಯ ಹಿಂದೆ ನಿಂತು, ಯಾರ ಮದುವೆಯಲ್ಲಿ ಮಾಂಗಲ್ಯಧಾರಣೆ ಎಷ್ಟು ತಡವಾಯಿತು ಎಂದು ಪರೀಕ್ಷಿಸುತ್ತಿದ್ದರು.

ಇದ್ದದ್ದಕ್ಕೆ ಇನ್ನಷ್ಟು ಸೇರಿಸುವುದು ತಾರಾಬಾಯಿಯ ಕಸಬು. ಮದುಮಗಳ ಮುಖಕ್ಕೆ ಬೆಳ್ಳಗಿನ ಬಣ್ಣ, ಅಕ್ಷತೆ ಬೀಳುವಾಗ ನಿಧಾನಗತಿ, ಹೆಸರಿನ ಸುತ್ತ ಗುಲಾಬಿ, ಎಲ್ಲದರ ಮೇಲೊಂದು ಹಾಡು. ಅಳುತ್ತಿದ್ದವರ ಸದ್ದು ತೆಗೆದು ಶಹನಾಯಿ ಹಾಕಿದರೆ ಆ ಅಳುವೂ ಚೆಂದ ಕಾಣುತ್ತಿತ್ತು. ಮದುವೆಗಳನ್ನು ಚಿತ್ರೀಕರಿಸಿ ತರುತ್ತಿದ್ದವನು ಮೆಹಬೂಬಸಾಬ. ಅವಳು ಮಾತ್ರ ಒಂದು ದಿನವೂ ಕ್ಯಾಮೆರಾ ಇದ್ದಲ್ಲಿಗೆ ಹೋದವಳಲ್ಲ. ಸಾವಿರಾರು ಮದುವೆ ನೋಡಿದ್ದಳು, ಊಟ ಮಾಡಿದ್ದು ಹತ್ತರಲ್ಲೂ ಇಲ್ಲ.

ಎರಡು ವರ್ಷದ ಹಿಂದೆ ಆಷಾಢದಲ್ಲಿ, ಮದುವೆಗಳಿಲ್ಲದ ದಿನಗಳಲ್ಲಿ, ಮೆಹಬೂಬಸಾಬ ಒಂದು ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟ.

“ಬಾಯಾರ, ಇದು ಮದುವಿ ಅಲ್ಲ. ಸುರೇಬಾನದಾಗ ಮಗ್ಗ ನೇಯೋದು ತಗೊಂಡೇನಿ. ಹಿಂತಾ ವಿಡಿಯೋ ಇಟ್ಕೊಂಡು ಮಾರೋ ಸೈಟ್ ಅದಾವಂತ. ಜಾಹೀರಾತು ಮಾಡೋರು, ಪಿಚ್ಚರ್ ಮಾಡೋರು ಬೇಕಾದ್ದ ತುಣುಕು ತಗೋತಾರ. ಕಳಿಸಿ ನೋಡೋಣು.”

ತಾರಾಬಾಯಿ ಏಳು ತುಣುಕು ಆರಿಸಿದಳು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಸಾವಂತ್ರೆವ್ವ ಎಂಬ ನೇಕಾರ್ತಿ, ಅವಳ ಕೈ ಹಗ್ಗ ಜಗ್ಗಿದಾಗ ನೂಲಿನ ನಡುವೆ ಓಡುವ ಲಾಳಿ. ಹಾಡು, ಹೆಸರು ಏನೂ ಇರಬಾರದೆಂದು ಸೈಟಿನ ನಿಯಮದಲ್ಲಿತ್ತು. ಅದನ್ನು ಪಾಲಿಸಿದಳು. ಆದರೆ ಕೊನೆಗೆ ಫೈಲ್ ಹೊರತೆಗೆಯುವ ಪಟ್ಟಿ ತೆರೆದಾಗ ಅಭ್ಯಾಸ ಬಿಡಲಿಲ್ಲ. ಮೆಹಬೂಬಸಾಬನ ಹಳೆಯ ಕ್ಯಾಮೆರಾ ತೆಗೆದದ್ದು ಫುಲ್ ಎಚ್‌ಡಿ. ಇವಳು ಅದನ್ನು ಫೋರ್‌ಕೆಗೆ ಹಿಗ್ಗಿಸಿದಳು. ಅವನು ತೆಗೆದದ್ದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಪಟ್ಟಿಯಲ್ಲಿ ಅರವತ್ತು ಇತ್ತು, ಅರವತ್ತನ್ನೇ ಒತ್ತಿದಳು. ಮುಖ, ಕೈಗಳ ಬಣ್ಣವನ್ನು ಸ್ವಲ್ಪ ತಿಳಿ ಮಾಡಿದಳು. ದೊಡ್ಡವರು ನೋಡುತ್ತಾರೆ, ನಮ್ಮದು ಕಡಿಮೆ ಕಾಣಬಾರದು ಎಂದು ಮನಸ್ಸಿನಲ್ಲಿತ್ತು.

ಹದಿನೈದು ದಿನಕ್ಕೆ ಏಳೂ ತಿರುಗಿ ಬಂದವು. ಚಿತ್ರ ಸ್ಪಷ್ಟವಿಲ್ಲ, ಚಲನೆಯಲ್ಲಿ ದೋಷವಿದೆ, ಚಿತ್ರದಲ್ಲಿರುವ ವ್ಯಕ್ತಿಯ ಒಪ್ಪಿಗೆ ಪತ್ರವಿಲ್ಲ. ತಾರಾಬಾಯಿ ಆ ಮೂರು ಸಾಲನ್ನು ಮತ್ತೆ ಮತ್ತೆ ಓದಿದಳು. ಇಷ್ಟು ವರ್ಷದಲ್ಲಿ ಅವಳ ಕೆಲಸವನ್ನು ಯಾರೂ ತಿರುಗಿ ಕಳಿಸಿರಲಿಲ್ಲ. ಬೀಗರ ಮುಖ ಬಿಟ್ಟುಹೋಗಿದೆ ಎಂದು ಜಗಳಕ್ಕೆ ಬಂದವರಿದ್ದರು, ಚಿತ್ರವೇ ಸರಿಯಿಲ್ಲ ಎಂದವರಿರಲಿಲ್ಲ.

“ದೋಷ ಎಲ್ಲೇದ ಅಂತ ನನಗ ಕಾಣಸವಲ್ತು,” ಎಂದಳು.

“ಮೊದಲ ಸಹಿಯರ ತರೋಣು ಬರ್ರಿ,” ಎಂದ ಮೆಹಬೂಬಸಾಬ. “ನಾ ಒಬ್ಬಾವ ಹ್ವಾದ್ರ ಕಾಗದಾ ಏನಂತ ಹೇಳಾಕ ನನಗ ಬರೂದಿಲ್ಲ.”

ಹೀಗೆ ತಾರಾಬಾಯಿ ಲ್ಯಾಪ್‌ಟಾಪ್ ಚೀಲ ಮಡಿಲಲ್ಲಿಟ್ಟುಕೊಂಡು ಸುರೇಬಾನದ ಬಸ್ಸು ಹತ್ತಿದಳು.

ಸಾವಂತ್ರೆವ್ವ ಮಗ್ಗದಿಂದ ಏಳಲಿಲ್ಲ. ಕೂತಲ್ಲಿಂದಲೇ, “ಕುಂಡ್ರ್ರಿ ಬಾಯಾರ, ಇದೊಂದು ಗೇಣು ಮುಗಸತೇನಿ,” ಎಂದಳು. ತಾರಾಬಾಯಿ ಗೋಡೆಗೆ ಒರಗಿ ಕೂತಳು. ಮಗ್ಗದ ಸದ್ದು ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ನೆಲ ಸಣ್ಣಗೆ ನಡುಗುತ್ತಿತ್ತು. ಕಂಪ್ಯೂಟರಿನಲ್ಲಿ ವಾರಗಟ್ಟಲೆ ನೋಡಿದ್ದ ಆ ಕೈಯ ಮೊಣಕೈ ಹತ್ತಿರ ಒಂದು ಹಚ್ಚೆ ಇರುವುದು ಈಗ ಕಂಡಿತು. ತಾನು ಬಣ್ಣ ತಿಳಿ ಮಾಡುವಾಗ ಅದು ಅಳಿಸಿಹೋಗಿತ್ತು.

ಕೆಲಸ ನಿಂತ ಮೇಲೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು. “ನಿಮ್ಮ ಚಿತ್ರಾ ಯಾರು ತಗೋತಾರ, ಯಾವ ದೇಶದಾಗ ತೋರಸ್ತಾರ, ನಮಗ ಗೊತ್ತಾಗೂದಿಲ್ಲ. ಅದಕ್ಕ ನೀವು ಹೂಂ ಅನಬೇಕು. ಬ್ಯಾಡನಸಿದ್ರ ಬಿಟ್ಟಬಿಡೋಣ.”

ಸಾವಂತ್ರೆವ್ವ ಮಗ್ಗದ ಮೇಲಿನ ಬಟ್ಟೆ ಸವರಿದಳು. “ನಾ ನೇಯ್ದ ಸೀರಿ ಯಾರ ಉಡತಾರ ನನಗೇನ ಗೊತ್ತೈತಿ? ಆದ್ರ ಸೀರಿ ಕೊಡೂಕಿಂತ ಮೊದಲ ನಾ ಒಮ್ಮೆ ಪೂರಾ ಬಿಚ್ಚಿ ನೋಡತೇನಿ. ಇದನ್ನೂ ತೋರಸ್ರಿ.”

ತಾರಾಬಾಯಿ ಲ್ಯಾಪ್‌ಟಾಪ್ ತೆರೆದು ತುಣುಕು ಹಾಕಿದಳು. ಸಾವಂತ್ರೆವ್ವ ಮೊದಲು ತನ್ನ ಮುಖ ನೋಡಿ ನಕ್ಕಳು. ಆಮೇಲೆ ನಗು ನಿಂತಿತು. ಪರದೆಯ ಹತ್ತಿರ ಬಾಗಿ, ಇನ್ನೊಮ್ಮೆ ಹಾಕಲು ಹೇಳಿದಳು.

“ಬಾಯಾರ, ಲಾಳಿಗಿ ಬಾಲ ಬಂದೈತಿ.”

“ಬಾಲ?”

“ನೋಡ್ರಿ, ಇಲ್ಲಿ. ಒಂದು ಲಾಳಿ ಓಡತೈತಿ, ಹಿಂದ ಅದರದ ದೆವ್ವದಂಗ ಇನ್ನೊಂದು. ನಾ ಹಗ್ಗ ಜಗ್ಗಿದ್ರ ಲಾಳಿ ಆ ಕಡಿ ಹೋಗಿ ಬಡದ ಮ್ಯಾಲ ಎಳಿ ಒತ್ತೋ ಹಲಿಗಿ ಹೊಡೀತೈತಿ. ಇಲ್ಲಿ ಬಡಿಯೂಕಿಂತ ಮೊದಲ ಹಲಿಗಿ ಬಂತು. ಹಿಂಗ ನೇಯ್ದ್ರ ಎಳಿ ಕಡೀತಾವ.”

ಮೆಹಬೂಬಸಾಬ ಕಣ್ಣು ಕಿರಿದು ಮಾಡಿ ನೋಡಿದ. “ನಾ ತಗೊಂಡಿದ್ದರಾಗ ಹಿಂಗ ಇರಲಿಲ್ಲ,” ಎಂದಷ್ಟೇ ಹೇಳಿದ.

ತಾರಾಬಾಯಿ ಪೆನ್‌ಡ್ರೈವಿನಲ್ಲಿದ್ದ ಮೂಲ ಫೈಲನ್ನೇ ಹಾಕಿದಳು. ಲಾಳಿ ಒಂದೇ ಇತ್ತು. ವೇಗಕ್ಕೆ ಸ್ವಲ್ಪ ಮಸುಕಾಗಿ ಓಡುತ್ತಿತ್ತು, ಆದರೆ ಒಂದೇ. ಇಪ್ಪತ್ತೈದು ಚಿತ್ರವನ್ನು ಅರವತ್ತು ಮಾಡು ಎಂದು ತಾನು ಹೇಳಿದಾಗ, ಇಲ್ಲದ ಮೂವತ್ತೈದನ್ನು ಕಂಪ್ಯೂಟರು ತಾನೇ ಊಹಿಸಿ, ಅಕ್ಕಪಕ್ಕದ ಎರಡು ಚಿತ್ರ ಕಲಸಿ ತುಂಬಿತ್ತು. ನಡೆಯದೇ ಇದ್ದ ಗಳಿಗೆಗಳು ಅವು. ಮದುವೆಯಲ್ಲಿ ಯಾರೂ ಅಷ್ಟು ವೇಗವಾಗಿ ಕೈಯಾಡಿಸುವುದಿಲ್ಲವಾದ್ದರಿಂದ ಇಷ್ಟು ವರ್ಷ ಅದು ಕಣ್ಣಿಗೆ ಬಿದ್ದಿರಲಿಲ್ಲ.

“ಇದು ಖರೇ,” ಎಂದಳು ಸಾವಂತ್ರೆವ್ವ. ಆಮೇಲೆ ತುಸು ನಾಚಿಕೊಂಡು, “ಆದ್ರ ನನಗ ಕೊಡೂದರಾಗ ಮಾರಿ ಮಾತ್ರ ಮೊದಲ ತೋರಿಸಿದ್ದ ಇರಲಿ. ಅದರಾಗ ಛಲೋ ಕಾಣತೇನಿ.”

ಮೂವರೂ ನಕ್ಕರು. ಸಾವಂತ್ರೆವ್ವ ಸಹಿ ಹಾಕಿದಳು, ಒಂದೊಂದೇ ಅಕ್ಷರ ನೋಡಿಕೊಂಡು.

ತಿರುಗಿ ಬರುವಾಗ ಬಸ್ಸಿನಲ್ಲಿ ತಾರಾಬಾಯಿಗೆ ಆ ಅಳಿಸಿಹೋದ ಹಚ್ಚೆಯೇ ಕಣ್ಣ ಮುಂದೆ ಬರುತ್ತಿತ್ತು. ಎಷ್ಟು ಮದುಮಕ್ಕಳ ಮುಖದ ಮೇಲೆ ತಾನು ಹೀಗೆ ಕೈಯಾಡಿಸಿದ್ದೇನೆ, ಯಾರೂ ಬೇಡವೆನ್ನಲಿಲ್ಲ, ತಾನೂ ಯಾರನ್ನೂ ಕೇಳಲಿಲ್ಲ. ಅದು ತಪ್ಪು ಎಂದು ಅವಳಿಗೆ ಅನಿಸಿತೆಂದೇನಲ್ಲ. ಸಾವಂತ್ರೆವ್ವ ಆ ಬಿಳಿ ಮುಖವನ್ನು ಕೇಳಿ ಪಡೆದಿದ್ದಳು. ಕೇಳಿ ಪಡೆಯುವುದೂ, ಕೇಳದೆ ಬಳಿಯುವುದೂ ಒಂದೇ ಅಲ್ಲ ಎಂಬಷ್ಟು ಮಾತ್ರ ಆ ದಾರಿಯಲ್ಲಿ ಅವಳಿಗೆ ಹೊಳೆಯಿತು.

ಮರುದಿನ ಬೆಳಿಗ್ಗೆ ಕರೆಂಟು ಇರುವಾಗಲೇ ಕೂತಳು. ಸೆಕೆಂಡಿಗೆ ಇಪ್ಪತ್ತೈದೇ ಇಟ್ಟಳು. ಅಳತೆ, ಕ್ಯಾಮೆರಾ ತೆಗೆದಷ್ಟೇ. ಚಿತ್ರವನ್ನು ಹರಿತ ಮಾಡುವ ಗುಂಡಿಯನ್ನು ಮುಟ್ಟಲಿಲ್ಲ. ಫೈಲ್ ಸಣ್ಣದಾಗಲೆಂದು ಯಾವಾಗಲೂ ತಗ್ಗಿಸುತ್ತಿದ್ದ ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ತುಂಬುವ ವಿವರವನ್ನು, ಮಾತ್ರ ಏರಿಸಿದಳು. ಅಲ್ಲಿ ಕಡಿಮೆ ಕೊಟ್ಟರೆ ನೂಲಿನ ಎಳೆಗಳೆಲ್ಲ ಸೇರಿ ಗಂಜಿಯಂತಾಗುತ್ತಿದ್ದವು. ಒಂದೊಂದು ತುಣುಕೂ ಮೊದಲಿಗಿಂತ ದಪ್ಪವಾಯಿತು, ಮೇಲೇರಲು ಒಂದೊಂದಕ್ಕೆ ಅರ್ಧ ತಾಸು ಹಿಡಿಯಿತು. ಏನೂ ಸೇರಿಸದೆ ಕಳಿಸುವುದು ಅವಳಿಗೆ ಕಷ್ಟವೇ ಆಯಿತು. ಬರಿಗೈಯಲ್ಲಿ ಬೀಗರ ಮನೆಗೆ ಹೋದಂತೆ ಅನಿಸುತ್ತಿತ್ತು.

ಆಮೇಲೆ ಅದೇ ತುಣುಕುಗಳಿಂದ ಇನ್ನೊಂದು ಮಾಡಿದಳು. ಮುಖ ಬೆಳ್ಳಗೆ, ಸಾವಂತ್ರೆವ್ವನ ಹೆಸರಿನ ಸುತ್ತ ಗುಲಾಬಿ, ಹಿಂದೆ ಶಹನಾಯಿ, ಲಾಳಿ ಮಾತ್ರ ಒಂದೇ. ಹಚ್ಚೆಯನ್ನೂ ಉಳಿಸಿದಳು. ಅದನ್ನು ಮೆಹಬೂಬಸಾಬನ ಮೊಬೈಲಿನಿಂದ ಸುರೇಬಾನಕ್ಕೆ ಕಳಿಸಿದರು. ಸಂಜೆಯೊಳಗೆ ಸಾವಂತ್ರೆವ್ವನ ಓಣಿಯವರೆಲ್ಲ ನೋಡಿದರಂತೆ.

ಸೈಟಿನವರು ಏಳರಲ್ಲಿ ನಾಲ್ಕನ್ನು ತೆಗೆದುಕೊಂಡರು. ಮೂರು ಅಲುಗಾಡಿದ್ದವು, ಅವು ತಿರುಗಿ ಬಂದವು. ತಾರಾಬಾಯಿ ಈ ಸಲ ಅವರ ಉತ್ತರವನ್ನು ಒಮ್ಮೆ ಮಾತ್ರ ಓದಿದಳು.

ಮಳೆಗಾಲ ಮುಗಿದ ಮೇಲೆ ಮೆಹಬೂಬಸಾಬ ತೊರಗಲ್ ಕೋಟೆಗೆ ಹೊರಟಾಗ ಅವಳೂ ಜೊತೆಗೆ ಬಂದಳು. ಬುತ್ತಿ ಕಟ್ಟಿಕೊಂಡಿದ್ದಳು. ಕೋಟೆಯ ಬಾಗಿಲ ಮುಂದೆ ಅವನು ಸ್ಟ್ಯಾಂಡ್ ಊರಿ, “ಸೆಕೆಂಡಿಗಿ ಎಷ್ಟು ಚಿತ್ರಕ್ಕ ಇಡಲಿ, ಬಾಯಾರ?” ಎಂದು ಕೇಳಿದ.

ತಾರಾಬಾಯಿ ತಲೆಯೆತ್ತಿ ನೋಡಿದಳು. ಮೇಲೆ ಗೋಡೆಯ ಸಂದಿಯಲ್ಲಿ ಬೆಳೆದ ಹುಲ್ಲು ಗಾಳಿಗೆ ಬಾಗುತ್ತಿತ್ತು. ಕೆಳಗೆ ಎರಡು ಆಡು ಏರಲೋ ಬೇಡವೋ ಎಂದು ನಿಂತಿದ್ದವು.

“ಸ್ವಲ್ಪ ತಡೀರಿ,” ಎಂದಳು. “ಮೊದಲ ಇಲ್ಲಿ ಏನೇನು ಅಲುಗಾಡ್ತದ ನೋಡೋಣ.”