ಅಂಬಿನ ದೇವರ ಬಾಗಿಲಿಗೆ ಸೊಪ್ಪು

ದೊಪ್ಪನೆ ಸದ್ದಾಯಿತು. ಒಣಕೊಂಬೆ ಮುರಿದರೆ ಮೊದಲು ಚಟಚಟ ಎನ್ನಬೇಕು. ಇದು ಹಾಗಿರಲಿಲ್ಲ, ತುಂಬಿದ ಚೀಲವನ್ನು ಅಟ್ಟದಿಂದ ಕೆಡವಿದ ಹಾಗಿತ್ತು. ಶೇಷಪ್ಪ ಕತ್ತಿ ಹಿಡಿದುಕೊಂಡೇ ಹೋಗಿ ನೋಡಿದ. ಒಣಗಿದ ಎಲೆಗಳ ದರಗಿನ ಮೇಲೆ ಮಂಗವೊಂದು ಕಣ್ಣು ತೆರೆದುಕೊಂಡು ಸತ್ತು ಬಿದ್ದಿತ್ತು. ಗಾಯವಿಲ್ಲ, ರಕ್ತವಿಲ್ಲ. ಒಂದು ಮಾರು ಆಚೆಗೆ, ನಿನ್ನೆ ಅವನೇ ಕಡಿದು ನೆಲಕ್ಕೆ ಹಾಸಿಟ್ಟ ನೇರಳೆ ಸೊಪ್ಪು ಇಬ್ಬನಿ ಕುಡಿದು ಹೊಳೆಯುತ್ತಿತ್ತು.

ಹಾಗೆ ಹಾಸಿಡುವುದು ಅವನದೇ ಕ್ರಮ. ರಾತ್ರಿಯಿಡೀ ಕಾಡಿನ ನೆಲದಲ್ಲಿ ತಣಿದ ಸೊಪ್ಪು ಹಬ್ಬ ಮುಗಿಯುವವರೆಗೂ ಬಾಡುವುದಿಲ್ಲ. ನರಸಿಂಹರಾಜಪುರ ಪೇಟೆಯನ್ನು ಕಾಯುವ ಸಂತ ಸೆಬಾಸ್ಟಿಯನ್ನರ ಹಬ್ಬಕ್ಕೆ ಚರ್ಚಿನ ಮುಂದೆ ಏಳುವ ಹಸಿರು ಕಮಾನು ಕಡಹಿನಬೈಲಿನ ಶೇಷಪ್ಪನದು. ಬೇರೆಯವರು ಮುಟ್ಟುವುದಿಲ್ಲ.

ಮೈತುಂಬ ಅಂಬು ನಾಟಿಸಿಕೊಂಡು ನಿಂತ ಆ ಸಂತ ಹರಡುವ ಬೇನೆಗಳನ್ನು ತಡೆಯುತ್ತಾನೆಂದು ಜನರ ನಂಬಿಕೆ. ಸಿಡುಬು ಬಂದ ವರ್ಷ ಶೇಷಪ್ಪನ ಅಣ್ಣಂದಿರಿಬ್ಬರೂ ಹೋದರು. ಬೊಕ್ಕೆ ಎದ್ದ ಕೈಗೂಸನ್ನು ಅವನ ತಾಯಿ ಚರ್ಚಿನ ಮೆಟ್ಟಿಲ ಮೇಲೆ ಮಲಗಿಸಿ, "ಅಂಬಿನ ದೇವರೇ, ಇವನೊಬ್ಬನನ್ನು ಬಿಡು. ಬದುಕಿರುವಷ್ಟು ಕಾಲ ನಿನ್ನ ಬಾಗಿಲಿಗೆ ಸೊಪ್ಪು ತರುತ್ತಾನೆ" ಎಂದು ಹರಕೆ ಹೊತ್ತಳಂತೆ. ಅವನು ಬದುಕಿದ. ತೋಟದ ಕೂಲಿಗೆ ಹೋದ, ಗುಡ್ಡಮ್ಮನನ್ನು ಮದುವೆಯಾದ. ಮಗಳು ವಿಜಯ ದರಗು ಗುಡಿಸಲು ಕಾಡಿಗೆ ಹೋಗಿ, ಮಂಗನ ಕಾಯಿಲೆ ಹತ್ತಿಸಿಕೊಂಡು ತೀರಿಹೋದ ವರ್ಷವೂ ಸೊಪ್ಪು ತಪ್ಪಿಸಲಿಲ್ಲ. ಅವಳ ಮಗಳು ಚೇತನಾ ಈಗ ಅಜ್ಜ ಅಜ್ಜಿಯ ಜೊತೆಗೇ ಇದ್ದಾಳೆ.

ಸತ್ತ ಮಂಗದ ಮೈಯಿಂದ ಉಣುಗು ಉದುರುತ್ತದೆ, ಅದು ಕಚ್ಚಿದರೆ ಆ ಜ್ವರ. ವಿಜಯಳ ಅಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಮುದಿ ಮಂಗ ಇರಬೇಕು" ಎಂದು ತನಗೇ ಹೇಳಿಕೊಂಡ. ಮುದಿಯಾಗಿರಲಿಲ್ಲ. ಆದರೆ ಹರಕೆ ತಪ್ಪುವ ಭಯ ಅವನಲ್ಲಿ ಬೇರೆಲ್ಲ ಭಯಗಳಿಗಿಂತ ಹಳೆಯದು. ಸೊಪ್ಪನ್ನು ಮತ್ತೆ ಮತ್ತೆ ಕೊಡವಿ ಹೊರೆ ಕಟ್ಟಿದ. ಸುತ್ತ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಮಧ್ಯಾಹ್ನಕ್ಕೆ ಕಮಾನು ನಿಂತಿತು. ಮೆರವಣಿಗೆಯಲ್ಲಿ ಹೂವೆರಚುವ ಮಕ್ಕಳು ಬುಟ್ಟಿ ಇಟ್ಟುಕೊಂಡು ಅದರ ನೆರಳಿಗೇ ಬಂದು ಕೂತರು. ಶಾಲೆಯ ಗೆಳತಿಯರ ನಡುವೆ ಚೇತನಾಳೂ ಇದ್ದಳು. ಶೇಷಪ್ಪ ಅವಳ ತಲೆಯ ಮೇಲೆ ತೂಗುತ್ತಿದ್ದ ಸೊಪ್ಪನ್ನೇ ನೋಡಿದ.

ಹಬ್ಬದ ಉಸ್ತುವಾರಿ ನೋಡುವ ಔಸೇಪಣ್ಣ ಎಲೆಯಡಿಕೆ ಜಗಿಯುತ್ತ ಬಂದ.

"ಎಂತ ಮಾರಾಯ, ಈ ಸಲದ ಕಮಾನು ನೋಡಿದ್ರೆ ಬಿಷಪ್ಪರು ಒಳಗೇ ಬರೋದಿಲ್ಲ, ಇಲ್ಲೇ ಕುರ್ಚಿ ಹಾಕಿ ಅಂತಾರೆ!"

"ಔಸೇಪಣ್ಣ, ಸೊಪ್ಪು ಹಾಸಿಟ್ಟ ಜಾಗದಲ್ಲಿ ಮಂಗ ಬಿದ್ದಿತ್ತು."

"ಸತ್ತಿತ್ತಾ?"

"ಹೂಂ."

ಔಸೇಪಣ್ಣನ ದವಡೆ ನಿಂತಿತು. ಸುತ್ತ ನೋಡಿ ದನಿ ತಗ್ಗಿಸಿದ. "ಯಾರಿಗೆ ಹೇಳಿದೆ?"

"ನಿಮಗೇ ಮೊದಲು."

"ನನಗೇ ಕೊನೆ ಆಗ್ಲಿ. ಇನ್ನೇನು ಚೆಂಡೆಯವರು ಬರ್ತಾರೆ. ಈಗ ಕಮಾನು ಬಿಚ್ಚಿದ್ರೆ ಪೇಟೆಯೆಲ್ಲ ಗುಲ್ಲು. ನಾಳೆ ಆಸ್ಪತ್ರೆಗೆ ನಾನೇ ತಿಳಿಸ್ತೇನೆ."

"ಮಕ್ಕಳು ಅಡಿಯಲ್ಲೇ ಕೂತಿದಾವೆ."

"ನಿನ್ನೆ ಮನೆಮನೆಗೆ ಹೊತ್ತು ತಂದಾಗ ದೇವರ ಅಂಬು ನಿನ್ನ ಮನೆಗೂ ಬಂದಿತ್ತಲ್ಲ? ಮಣೆ ಮೇಲಿಟ್ಟು ಕೈ ಮುಗಿದಿಯಲ್ಲ? ಬೇನೆ ತಡೆಯೋ ದೇವರ ಬಾಗಿಲಲ್ಲೇ ಬೇನೆ ಬರ್ತದಾ? ಹರಕೆಯವನೇ ಹೀಗೆ ಹೆದರಿದ್ರೆ ಹೇಗೆ?"

ಬೆಳಿಗ್ಗೆಯಿಂದ ಶೇಷಪ್ಪ ತನಗೆ ಹೇಳಿಕೊಂಡದ್ದೂ ಇದನ್ನೇ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ತೀರ ಪೊಳ್ಳಾಗಿತ್ತು.

"ಅಜ್ಜಾ," ಕಮಾನಿನಡಿಯಿಂದ ಚೇತನಾ ಕೂಗಿದಳು, ಕತ್ತು ಕೆರೆದುಕೊಳ್ಳುತ್ತ. "ಸೊಪ್ಪಿಂದ ಎಂತದೋ ಸಣ್ಣ ಹುಳ ಉದುರ್ತಾ ಉಂಟು."

ಶೇಷಪ್ಪ ಒಮ್ಮೆ ಬಾಗಿಲೊಳಗಿನ ಕತ್ತಲಲ್ಲಿ ಅಂಬು ಚುಚ್ಚಿಕೊಂಡು ನಿಂತವನನ್ನು ನೋಡಿದ. ಸೊಂಟದಿಂದ ಕತ್ತಿ ಬಿಚ್ಚಿದ.

"ನನ್ನ ಮಾತು ಕೇಳು ಶೇಷಪ್ಪ, ಒಂದು ಸಂಜೆ ತಾನೆ, ಮೆರವಣಿಗೆ ದಾಟಿದ ಮೇಲೆ ನಾನೇ ನಿಂತು..."

"ಮಕ್ಕಳೇ, ಏಳಿ! ದೂರ ಹೋಗಿ!" ಎನ್ನುತ್ತ ಶೇಷಪ್ಪ ಕಮಾನಿನ ಕಟ್ಟುಗಳ ಕಡೆಗೆ ನಡೆದ.