ಕಂಠದವರೆಗೆ ತುಂಬಿಸಿಟ್ಟ ಟ್ಯಾಂಕ್

ಇವತ್ತು ಕಾಪುವಿನ ನಮ್ಮ ಶೆಡ್ಡಿನಲ್ಲಿ ಮೆಕ್ಯಾನಿಕ್ ಅಪ್ಪನ ಹಳೆಯ ಬೈಕಿನ ಟ್ಯಾಂಕ್ ತೆರೆದರು. ಪೆಟ್ರೋಲಿನ ವಾಸನೆ ಬರಬೇಕಿತ್ತು, ಹುಳಿ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ಅಪ್ಪ ಮಸ್ಕತ್ತಿನಿಂದ ರಜೆಗೆ ಬಂದರೆ ಆ ಬೈಕಿನಲ್ಲೇ ಅಪ್ಪ, ಅಮ್ಮ, ನಾನು ಮೂವರೂ ಘಟ್ಟ ಹತ್ತುತ್ತಿದ್ದೆವು. ರಜೆ ಮುಗಿಯುವ ದಿನ ಅಮ್ಮ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರೆ, ಅಪ್ಪ ಲುಂಗಿ ಎತ್ತಿ ಕಟ್ಟಿ ಇಂಜಿನ್ನಿನ ಕಪ್ಪು ಎಣ್ಣೆ ಇಳಿಸುತ್ತಿದ್ದರು. ಹೊಸ ಎಣ್ಣೆಯ ಒಂದು ಹನಿಯನ್ನು ನನ್ನ ಬೆರಳಿಗೆ ಸವರುತ್ತಿದ್ದರು.

"ಉಜ್ಜಿ ನೋಡು ಮಗಾ. ಹಳೆ ಇಂಜಿನ್‌ಗೆ ಇಷ್ಟು ದಪ್ಪ ಬೇಕು."

ಆಮೇಲೆ ಟ್ಯಾಂಕನ್ನು ಕಂಠದವರೆಗೆ ತುಂಬಿಸುತ್ತಿದ್ದರು. ಖಾಲಿ ಬಿಟ್ಟರೆ ಉಪ್ಪು ಗಾಳಿಗೆ ಒಳಗೆ ತುಕ್ಕು ಹಿಡಿಯುತ್ತದೆ ಎನ್ನುತ್ತಿದ್ದರು. ಮರುವರ್ಷ ಬಂದು ನಾಲ್ಕು ಕಿಕ್ ಹೊಡೆದರೆ ಬೈಕ್ ಸ್ಟಾರ್ಟ್. ಅಪ್ಪ ಬಂದದ್ದು ನಿಜವೆಂದು ನನಗೆ ಅನಿಸುತ್ತಿದ್ದದ್ದು ಆ ಸದ್ದಿನಿಂದ.

ಈ ಸಲ ಮಳೆಗಾಲದ ಮೊದಲು, ಮಣಿಪಾಲದ ಆಸ್ಪತ್ರೆಯಲ್ಲಿ ಅಪ್ಪನ ಚಿಕಿತ್ಸೆಗೆಂದು ಪಕ್ಕದ ಪರ್ಕಳದ ಬಾಡಿಗೆ ಕೋಣೆಗೆ ಹೊರಟಾಗ, ಅವರು ಹೇಳಿದಂತೆ ಅದೇ ದಪ್ಪ ಎಣ್ಣೆ ಹಾಕಿಸಿ ಟ್ಯಾಂಕ್ ತುಂಬಿಸಿಟ್ಟವಳು ನಾನೇ. ಮಳೆಗಾಲವಿಡೀ ಬೈಕ್ ಹಾಗೆಯೇ ನಿಂತಿತ್ತು.

"ಎಣ್ಣೆ ಹಾಕಿದ ಹಾಗೆಯೇ ಉಂಟು," ಎಂದರು ಮೆಕ್ಯಾನಿಕ್. "ಆದರೆ ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಉಂಟಲ್ವಾ, ಅದು ಗಾಳಿಯ ನೀರು ಎಳೆದು ಒಳಗೆ ತುಕ್ಕು ಹಿಡಿಸುತ್ತದೆ. ತುಂಬಿಸಿ ಇಟ್ಟದ್ದೇ ತಪ್ಪಾಯಿತು ಮಾರಾಯ್ರೆ. ಟ್ಯಾಂಕ್, ಕಾರ್ಬುರೇಟರ್ ಎರಡೂ ಹೋಗಿವೆ."

"ಎಥೆನಾಲ್ ಇಲ್ಲದ ಪೆಟ್ರೋಲ್?"

"ಎಲ್ಲಿ ಉಂಟು? ನಮ್ಮ ಕಡೆ ಸಿಗುವುದೆಲ್ಲ ಅದೇ."

ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ ಡಾಕ್ಟರು. ನಾಳೆ ಅಪ್ಪ ಬರುತ್ತಾರೆ. ಕಾರಿನಿಂದ ಇಳಿಯುವ ಮೊದಲೇ ಶೆಡ್ಡಿನ ಕಡೆ ನೋಡಿ, ಒಂದು ಕಿಕ್ ಹೊಡಿ ಮಗಾ ಎನ್ನುತ್ತಾರೆ.