ಶನಿಗೆ ಮೂರು ನಿಂಬೆಹಣ್ಣು

ಗೆಳೆಯರೇ, ಇವತ್ತು ಸಂಜೆ ಹಳೇಬೀಡಿನ ಕೆರೆ ಏರಿಯ ಮೇಲೆ ಊರವರಿಗೆ ಶನಿಗ್ರಹ ತೋರಿಸಲು ಮೋಟಾರಿನ ದೂರದರ್ಶಕ ನಿಲ್ಲಿಸಿದೆವು. ಅಲ್ಲಿ ಕರೆಂಟಿಲ್ಲ, ಊರಿನ ರಾಜೇಗೌಡರು ಟ್ರ್ಯಾಕ್ಟರ್ ಬ್ಯಾಟರಿ ಕೊಟ್ಟರು. ಮಟ್ಟ ನೋಡಿ, ಎರಡು ನಕ್ಷತ್ರಕ್ಕೆ ಗುರಿ ಹೊಂದಿಸಿ ತಿರುಗುವಷ್ಟರಲ್ಲಿ ಗೌಡರು ದೂರದರ್ಶಕದ ಮೂರು ಕಾಲಡಿಗೂ ನಿಂಬೆಹಣ್ಣು ಸಿಕ್ಕಿಸಿದ್ದರು.

"ಟ್ರ್ಯಾಕ್ಟರ್‌ಗೇ ಇಡ್ತೀವಿ. ಶನಿ ದೃಷ್ಟಿ ಬಿದ್ರೆ ಯಾರ್ಗಯ್ಯ ಬೇಕು?"

ಮಟ್ಟ ತಪ್ಪಿತು. ಮೋಟಾರು ನಿಷ್ಠೆಯಿಂದ ತಿರುಗಿ ತೆಂಗಿನ ಗರಿ ತೋರಿಸಿತು.

ಸಾಲಿನಲ್ಲಿ ಮೊದಲು ನಿಂತಿದ್ದ ನಮ್ಮ ಕೇರಿಯ ಸಿದ್ದಮ್ಮ ಹಣ್ಣುಗಳನ್ನು ಕಿತ್ತೆಸೆದರು. "ನಲವತ್ತ್ ವರ್ಸದಿಂದ ನನ್ ಹೆಗಲೇರವ್ನೆ ಅಂತೀರಿ. ಇವತ್ತಾದ್ರೂ ಅವನ್ ಮುಖ ನೋಡ್ಬೇಕು, ಸುಮ್ಕಿರಿ ಗೌಡ್ರೇ."

ಮತ್ತೆ ಹೊಂದಿಸಿದೆವು. ಸಿದ್ದಮ್ಮ ಶನಿಯ ಸುತ್ತಲಿನ ಉಂಗುರ ನೋಡಿದರು. "ಇವ್ನಾ? ಬಳೆ ತೊಟ್ಕಂಡ್ ಕುಂತವ್ನೆ!"

ಅವರು ಕಣ್ಣಿಟ್ಟ ಗಾಜಿಗೇ ಆಮೇಲೆ ಗೌಡರೂ ಕಣ್ಣಿಟ್ಟರು. ಕೇರಿಯವರು ಮುಟ್ಟಿದ್ದೆಂಬ ಮೈಲಿಗೆ ನೆನಪಾಗಲಿಲ್ಲ. ಶನಿಯಿಂದ ಊರಿಗೆ ಒಳ್ಳೆಯದೂ ಆಗುತ್ತದೆ.